ಕರಿಗಲ್ಲಿನ ಆಚೆ ಈಚೆ

ಅಂಚಕ್ಕನ ಬಲಗೈಯನ್ನು ನ್ಯಾಯಾಲಯಗಳು ಆ ಹೊತ್ತಿಗೆ ಮೂರು ಸಲ ನೋಡಿದ್ದವು. ಮೂರು ಸಲವೂ ಕನಿಕರಪಟ್ಟಿದ್ದವು. ಮೂರು ಸಲವೂ, ಇದು ತಮ್ಮ ವ್ಯಾಪ್ತಿಗೆ ಸೇರಿದ ಕೈಯಲ್ಲವೆಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳುಹಿಸಿದ್ದವು.

ಆ ಕೈಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಹೆಬ್ಬೆರಳು ಇತ್ತು. ಕಿರುಬೆರಳು ಇತ್ತು. ನಡುವಿನ ಮೂರು ಬೆಂದು, ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗೈಯ ಚರ್ಮ ಬಿಳಿಚಿ ಹೊಳೆಯುತ್ತಿತ್ತು.

"ಕೆಲಸ ಮಾತ್ರ ಅಚ್ಚುಕಟ್ಟು. ಒಂದು ಸುಕ್ಕು ಇಲ್ಲ ನೋಡು," ಎಂದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಆಕೆಯೇ ನಾದಿನಿಗೆ ಹೇಳಿದ್ದಳು.

ನಾದಿನಿ ಅತ್ತಳು. ಅತ್ತೆ ಅಳಲಿಲ್ಲ. ಸೊಸೆಯ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, "ಇಷ್ಟು ವರ್ಷ ಇದು ಕಿರಿಸೊಸೆ ಥರ ಆರಾಮಾಗಿತ್ತು. ಇನ್ಮೇಲೆ ಇದಕ್ಕೂ ಕೆಲಸ ಕಲಿಸು," ಎಂದರು. ಮಗನನ್ನು ಎಂದೋ ಕಳೆದುಕೊಂಡ ಹೆಂಗಸು ಅವರು. ಕಣ್ಣೀರನ್ನು ಎಲ್ಲಿ ಬಳಸಬೇಕು, ಎಲ್ಲಿ ಉಳಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅಂಚಕ್ಕ ಹದಿನೆಂಟು ವರ್ಷ ದುಡಿದಿದ್ದಳು. ಆಸ್ಪತ್ರೆಗಳ ಚಾದರ, ವಸತಿಗೃಹಗಳ ಮೇಜುವಸ್ತ್ರ, ವಕೀಲರ ಕೊರಳಪಟ್ಟಿ, ನ್ಯಾಯಾಧೀಶರ ಕರಿಯ ನಿಲುವಂಗಿ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಒದ್ದೆ ಚಾದರದ ರಾಶಿಗೆ ಕೈ ಹಾಕಿ, ಕಣ್ಣಿನಿಂದ ನೋಡದೆ, ಬೆರಳ ತುದಿಯಿಂದಲೇ ಅಂಚನ್ನು ಹುಡುಕಿ ಎಳೆಯುತ್ತಿದ್ದಳಾದ್ದರಿಂದ ಆಕೆಗೆ ಆ ಹೆಸರು. ಹೆತ್ತವರು ಇಟ್ಟ ಹೆಸರು ಕೇಸಿನ ಕಾಗದಗಳಲ್ಲಿ ಇತ್ತು. ಕಾಗದದ ಹೊರಗೆ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಇಸ್ತ್ರಿಯ ಯಂತ್ರಕ್ಕೆ ಎರಡು ಉರುಳೆಗಳು. ಒಬ್ಬ ಮನುಷ್ಯ ತಬ್ಬಿದರೆ ತೋಳಿಗೆ ನಿಲುಕದಷ್ಟು ದಪ್ಪ. ಒಳಗೆ ಕುದಿಯುವ ಹಬೆ. ಈಚೆ ಬದಿಯಲ್ಲಿ ಇಬ್ಬರು ಹೆಂಗಸರು ನಿಂತು ಚಾದರದ ಎರಡು ಮೂಲೆ ಹಿಡಿದು, ಅಂಚನ್ನು ನೆಟ್ಟಗೆ ಸವರಿ, ಉರುಳೆಯ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಇನ್ನಿಬ್ಬರು ಬಿಸಿ ಚಾದರವನ್ನು ಹಿಡಿದು ಮಡಚಬೇಕು. ಕೊಡುವಾಗ ಇಡೀ ಮೈಭಾರವನ್ನು ಎಡಗಾಲಿನ ಮೇಲೆ ಹಾಕಿ ಬಾಗಬೇಕು. ಕೊಟ್ಟು ಹಿಂದೆ ಸರಿಯಬೇಕು. ಮತ್ತೆ ಬಾಗಬೇಕು. ಗಂಟೆಗೆ ಇನ್ನೂರು ಸಲ. ಹದಿನೆಂಟು ವರ್ಷ.

ಬೆರಳು ಉರುಳೆಯ ಸಮೀಪಕ್ಕೆ ಹೋದರೆ ಯಂತ್ರ ನಿಲ್ಲಲೆಂದು ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸಲಾಕೆ ಇತ್ತು. ತುಸು ತಗುಲಿದರೂ ನಿಲ್ಲುತ್ತಿತ್ತು. ಅದೇ ಅದರ ಅಪರಾಧವಾಯಿತು. ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಒಂದು ದಿನ ಹರಿದ ಚಾದರದ ಪಟ್ಟಿಯಿಂದ ಸಲಾಕೆಯನ್ನು ಮೇಲಕ್ಕೆತ್ತಿ ಕಟ್ಟಿಬಿಟ್ಟ. ಎರಡು ತಿಂಗಳ ಅನಂತರ ಅಂಚಕ್ಕನ ಕೈ ಚಾದರದ ಜೊತೆಗೇ ಒಳಗೆ ಹೋಯಿತು. ನಿಲ್ಲಿಸುವ ಗುಂಡಿ ಆಚೆ ಬದಿಯ ಗೋಡೆಯಲ್ಲಿತ್ತು. ಅಲ್ಲೇ ಕೆಲಸಕ್ಕಿದ್ದ ನಾದಿನಿ ಓಡಿ ಹೋಗಿ ಅದನ್ನು ಒತ್ತುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಆ ಕಾರ್ಖಾನೆಯ ಹೆಂಗಸರಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಬಟ್ಟೆಯ ಮೂಲೆಯಲ್ಲಿಯೂ ಅದು ಯಾವ ಮನೆಯದೆಂಬ ಮಸಿಯ ಗುರುತು ಇರುತ್ತದೆ. ಗುರುತು ಅಳಿಸಿಹೋದ ಬಟ್ಟೆ ಯಾವಳ ಮೇಜಿಗೆ ಬಂತೋ, ಅದರ ಹೊಣೆ ಅವಳದು. ಹೆಗಲ ಮೇಲೆ ಹಾಕಿಕೊಂಡು, ಅದರ ಮನೆ ಸಿಗುವ ತನಕ ವಿಚಾರಿಸಬೇಕು. ಪಕ್ಕದ ಮೇಜಿಗೆ ತಳ್ಳುವಂತಿಲ್ಲ. ತಳ್ಳಿದವಳ ಜೊತೆ ಅಂದು ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಇದನ್ನು ಯಾವ ಶಾಸ್ತ್ರಕಾರರೂ ಬರೆದಿಟ್ಟಿರಲಿಲ್ಲ. ಆದುದರಿಂದಲೇ ಯಾರೂ ಮೀರಿರಲಿಲ್ಲ. ಕೈ ಸಿಕ್ಕಿಕೊಂಡ ದಿನ ಅಂಚಕ್ಕನ ಹೆಗಲ ಮೇಲೆ ಗುರುತಿಲ್ಲದ ಒಂದು ದಿಂಬಿನ ಚೀಲವಿತ್ತು. ನಾದಿನಿ ಅದರಿಂದಲೇ ಕೈಯನ್ನು ಸುತ್ತಿದ್ದಳು. ಮೂರು ವರ್ಷ ಕಳೆದರೂ ಆಕೆ ಹೊರಗೆ ಹೊರಟರೆ ಕೈಗೆ ಅದೇ ಚೀಲ. ಒಗೆದು ಒಗೆದು ತೆಳ್ಳಗಾಗಿತ್ತು.

"ಅದರ ಮನೆ ಸಿಗ್ಲಿ, ಕೊಟ್ಟುಬಿಡ್ತೀನಿ," ಎನ್ನುತ್ತಿದ್ದಳು.

ಇಷ್ಟು ಸರಳವಾದ ಅನ್ಯಾಯಕ್ಕೆ ನ್ಯಾಯ ಕೇಳುವುದು ಕಷ್ಟವಾಗಬಾರದಿತ್ತು. ಕಷ್ಟ ತಂದದ್ದು ಕಾರ್ಖಾನೆಯ ನೆಲ.

ಆ ಉದ್ದನೆಯ ಕೋಣೆಯ ಅಡಿಯಲ್ಲಿ ಹಿಂದೊಮ್ಮೆ ಕಾಲುವೆ ಹರಿಯುತ್ತಿತ್ತು. ಅದರ ಪೂರ್ವದ ದಡ ಒಂದು ನ್ಯಾಯಾಲಯದ ವ್ಯಾಪ್ತಿ, ಪಶ್ಚಿಮದ ದಡ ಇನ್ನೊಂದರದು. ಕಾಲುವೆಯನ್ನು ಮುಚ್ಚಿದವರು ಗಡಿ ಮರೆಯದಿರಲೆಂದು ನೆಲದಲ್ಲಿ ಕರಿಗಲ್ಲಿನ ಒಂದು ಸಾಲು ಹಾಸಿದ್ದರು. ಯಂತ್ರ ಆ ಸಾಲಿನ ಮೇಲೆಯೇ ಕೂತಿತ್ತು. ಚಾದರವನ್ನು ಕೊಡುವ ಬದಿ ಪೂರ್ವದಲ್ಲಿ, ಹೊರಬರುವ ಬದಿ ಪಶ್ಚಿಮದಲ್ಲಿ. ಎರಡೂ ನ್ಯಾಯಾಲಯಗಳ ನಿಲುವಂಗಿಗಳು ಒಂದೇ ತೊಟ್ಟಿಯಲ್ಲಿ ನೆನೆದು ಒಂದೇ ಉರುಳೆಯಲ್ಲಿ ಒಣಗುತ್ತಿದ್ದವು. ವ್ಯಾಪ್ತಿಯ ಬಗ್ಗೆ ಅವು ಎಂದೂ ತಕರಾರು ಎತ್ತಿರಲಿಲ್ಲ.

ತಕರಾರು ಎತ್ತಿದವನು ಕಾರ್ಖಾನೆಯ ವಕೀಲ. ಅವನ ಕೊರಳಪಟ್ಟಿ ಕತ್ತು ಹೊರಳಿಸಲಾಗದಷ್ಟು ಗಟ್ಟಿಯಾಗಿರುತ್ತಿತ್ತು. ಅದಕ್ಕೆ ಗಂಜಿ ಹಾಕುತ್ತಿದ್ದವರು ಈ ಹೆಂಗಸರೇ. ಹಾಗಾಗಿ ಅವನಿಗೆ ಗಂಜಿ ವಕೀಲ ಎಂಬ ಹೆಸರು. ಅಂಚಕ್ಕನ ಪರವಾಗಿ ಇದ್ದವರು ಬಿಸಿಲಿದ್ದರೂ ನೆರಳಿದ್ದರೂ ಕೊಡೆ ಹಿಡಿದೇ ಬರುವ ಮುದುಕರು. "ವಾದ ಎಲ್ಲಾದ್ರೂ ಸೋರಿದ್ರೆ ಇರ್ಲಿ ಅಂತ," ಎಂದು ನಾದಿನಿ ನಗುತ್ತಿದ್ದಳು. ಕೊಡೆ ವಕೀಲರಿಗೆ ಈ ಮಾತು ಗೊತ್ತಿತ್ತು. ಅವರೂ ನಗುತ್ತಿದ್ದರು.

ಮೊದಲು ದಾವೆ ಹೂಡಿದ್ದು ಪಶ್ಚಿಮದಲ್ಲಿ, ಕಾರ್ಖಾನೆಯ ಕಛೇರಿ ಅಲ್ಲಿದೆಯೆಂದು. ಗಂಜಿ ವಕೀಲ ಎದ್ದು ನಿಂತು, ಕಛೇರಿ ಎಲ್ಲಿದ್ದರೇನು, ಕೈ ಒಳಗೆ ಹೋದದ್ದು ಪೂರ್ವದಲ್ಲಿ, ಆದ್ದರಿಂದ ದಾವೆ ಅಲ್ಲಿಗೇ ಸಲ್ಲಬೇಕು ಎಂದ. ವರ್ಷ ಕಳೆದ ಮೇಲೆ ದಾವೆ ಪೂರ್ವಕ್ಕೆ ಬಂತು. ಗಂಜಿ ವಕೀಲನೂ ಹಿಂದೆಯೇ ಬಂದ. ಕೈ ಒಳಗೆ ಹೋದದ್ದು ಪೂರ್ವದಲ್ಲಿ, ಅದನ್ನು ನಾವು ಒಪ್ಪುತ್ತೇವೆ. ಆದರೆ ಮೂಳೆ ಮುರಿದದ್ದು ಉರುಳೆಯ ನಡುವೆ, ಆ ನಡು ಇರುವುದು ಪಶ್ಚಿಮದಲ್ಲಿ ಎಂದ. ದಾವೆ ಮತ್ತೆ ಪಶ್ಚಿಮಕ್ಕೆ ಹೋಯಿತು. ಒಮ್ಮೆ ನಮ್ಮದಲ್ಲವೆಂದು ಹೇಳಿದ್ದನ್ನು ಈಗ ನಮ್ಮದೆನ್ನಲು ಬರುವುದಿಲ್ಲವೆಂದು ಪಶ್ಚಿಮದವರು ಕೈತೊಳೆದುಕೊಂಡರು. ಕೊನೆಗೆ ಮೇಲಿನ ನ್ಯಾಯಾಲಯ, ಘಟನೆ ನಡೆದ ಸ್ಥಳ ಯಾವುದೆಂದು ಪೂರ್ವದವರೇ ಇತ್ಯರ್ಥ ಮಾಡಲಿ ಎಂದಿತು.

ಹೊಸ್ತಿಲ ಒಳಗೂ ಅಲ್ಲ ಹೊರಗೂ ಅಲ್ಲ, ನೆಲದಲ್ಲೂ ಅಲ್ಲ ಬಾನಿನಲ್ಲೂ ಅಲ್ಲ ಎಂಬಂಥ ವರಗಳನ್ನು ಪುರಾಣಕಾಲದ ದಾನವರು ಸಾವಿರ ವರ್ಷ ಒಂಟಿಗಾಲಿನಲ್ಲಿ ನಿಂತು ಪಡೆಯುತ್ತಿದ್ದರಂತೆ. ಕಾರ್ಖಾನೆಯ ಯಜಮಾನರು ಒಂದು ಹೊತ್ತಿನ ಊಟವನ್ನೂ ಬಿಡದೆ ಪಡೆದಿದ್ದರು. ಒಂಟಿಗಾಲಿನಲ್ಲಿ ನಿಂತವರು ಬೇರೆಯವರು.

ವಿಚಾರಣೆಯ ದಿನ ಬೆಳಿಗ್ಗೆ ನಾದಿನಿ ಕೆಲಸಕ್ಕೆ ಹೊರಡುವ ಮುನ್ನ ಅತ್ತಿಗೆಯ ತಲೆ ಬಾಚಲು ಕೂತಳು. ಎಡಗೈಯೊಂದರಿಂದ ಜಡೆ ಹೆಣೆಯಲು ಬರುವುದಿಲ್ಲ. ನಾದಿನಿಯ ಕೈ ಅರ್ಧ ಜಡೆಗೆ ನಿಂತಿತು.

"ಅತ್ತಿಗೆ, ಒಂದು ಮಾತು ಹೇಳ್ಬೇಕು. ಬಯ್ಯಬಾರದು."

"ಜಡೆ ನಿನ್ನ ಕೈಯಲ್ಲಿದೆ. ಬಯ್ಯೋಕೆ ಧೈರ್ಯ ಎಲ್ಲಿಂದ ಬರ್ಬೇಕು?"

"ಯಂತ್ರ ಜಾಗ ಬಿಟ್ಟಿದೆ. ಕಳೆದ ತಿಂಗಳು. ಪೂರ್ತಿ ಕರಿಗಲ್ಲಿನ ಆಚೆಗೆ, ಹತ್ತು ಹೆಜ್ಜೆ. ಹೊಸ ಸಿಮೆಂಟ್ ಹಾಕಿ ಕೂರಿಸಿದಾರೆ. ನಕ್ಷೆ ಬರೆಯೋರು ಬಂದು ಅಳೆದ್ಕೊಂಡು ಹೋದ್ರು."

ಅಂಚಕ್ಕ ತಿರುಗಲು ನೋಡಿದಳು. ಜಡೆ ಎಳೆಯಿತು.

"ನಮ್ಮ ಕೈಲೇ ತಳ್ಳಿಸಿದ್ರು ಅತ್ತಿಗೆ. ಹದಿನಾಲ್ಕು ಜನ. ನಾನೂ ತಳ್ಳಿದೆ."

"ನೀನು ತಳ್ಳಿದ್ದೀಯ ಅಂದ್ರೆ ಸೊಟ್ಟಗೇ ಕೂತಿರತ್ತೆ ಬಿಡು."

ನಾದಿನಿಗೆ ನಗು ಬರಲಿಲ್ಲ. "ನಾನು ಬಂದು ಸಾಕ್ಷಿ ಹೇಳ್ತೀನಿ."

"ಬಾಯಿ ಬಿಟ್ರೆ ಗೇಟಿನ ಹೊರಗೆ ಹಾಕ್ತಾರೆ. ಮನೇಲಿ ದುಡಿಯೋ ಜೋಡಿ ಕೈ ಈಗ ನಿಂದೊಂದೇ. ಜಡೆ ಮುಗಿಸು."

ಒಳಗಿನಿಂದ ಅತ್ತೆ, "ಇಬ್ಬರೂ ಸೇರಿ ಪಿಸುಗುಟ್ಟಿದ್ರೆ ನಂಗೆ ಕೇಳ್ಸಲ್ಲ ಅಂದ್ಕೊಂಡಿದ್ದೀರಾ? ಕಿವಿ ಮಾತ್ರ ದೇವರು ಗಟ್ಟಿ ಇಟ್ಟಿದಾನೆ," ಎಂದರು. ಬಳಿಕ ಹೊರಗೆ ಬಂದು, ದಿಂಬಿನ ಚೀಲವನ್ನು ಸೊಸೆಯ ಕೈಗೆ ತಾವೇ ಸುತ್ತಿ, ಗಂಟು ಹಾಕಿದರು. ಅಂದು ಗಂಟು ಎಂದಿಗಿಂತ ಬಿಗಿಯಾಗಿತ್ತು.

ನ್ಯಾಯಾಲಯದ ಮೊಗಸಾಲೆಯಲ್ಲಿ ಕೊಡೆ ವಕೀಲರು ಕಾಗದದ ಕಟ್ಟನ್ನು ಬಗಲಲ್ಲಿ ಇರುಕಿಕೊಂಡು ಕಾಯುತ್ತಿದ್ದರು. ನಾದಿನಿ ಹೇಳಿದ್ದನ್ನು ಅಂಚಕ್ಕ ತಿಳಿಸಿದಳು. ಅವರು ಕೊಡೆಯ ಮೇಲೆ ಗದ್ದ ಊರಿದರು.

"ನೋಡಿ ತಾಯಿ, ಮುಚ್ಚುಮರೆ ಮಾಡಲ್ಲ. ಈ ಸಲವೂ ಆಚೆಗೆ ಕಳಿಸಿದ್ರೆ, ಆಚೆಯವರು ಕಾಲಮಿತಿ ಮೀರಿದೆ ಅಂತಾರೆ. ಅಲ್ಲಿಗೆ ಮುಗೀತು. ಸಲಾಕೆ ಯಾರು ಕಟ್ಟಿದ್ರು, ಯಾಕೆ ಕಟ್ಟಿದ್ರು, ಅದನ್ನ ಯಾರೂ ಯಾವತ್ತೂ ಕೇಳೋದೇ ಇಲ್ಲ."

"ಮೂರು ವರ್ಷದಲ್ಲಿ ಒಂದ್ಸಲನಾದ್ರೂ ಕೇಳಿದಾರಾ?"

"ಇಲ್ಲ."

"ಕೈ ಮಾತ್ರ ನೋಡಿದಾರೆ."

"ಕೈ ನೋಡಿದಾರೆ," ಎಂದು ಅವರು ಒಪ್ಪಿಕೊಂಡರು.

ಆ ನೋಡುವಿಕೆಯನ್ನು ಆಕೆ ಮರೆತಿರಲಿಲ್ಲ. ಮೊದಲ ಸಲ ಗುಮಾಸ್ತ ಅಡಿಪಟ್ಟಿ ತಂದು ಬೆರಳುಗಳನ್ನು ಅಳೆದಿದ್ದ. ಎರಡನೆಯ ಸಲ ಹಿಂದಿನ ಬೆಂಚಿನಲ್ಲಿ ಬೇರೆ ಕೇಸಿಗೆ ಬಂದಿದ್ದವರೂ ಎದ್ದು ನಿಂತು ಕತ್ತು ಚಾಚಿದ್ದರು. ಮೂರನೆಯ ಸಲ ಗಂಜಿ ವಕೀಲ, "ತಿರುಗಿಸಮ್ಮ, ಆ ಕಡೆನೂ ತೋರಿಸು," ಎಂದಿದ್ದ. ಆಕೆ ತಿರುಗಿಸಿದ್ದಳು. ಚಾದರದ ಒಳಮೈ ತೋರಿಸಿದ ಹಾಗೆ. ಪ್ರತಿ ಸಲವೂ ಹಲ್ಲಿನಿಂದ ಗಂಟು ಬಿಚ್ಚಬೇಕಾಗಿತ್ತು. ಪ್ರತಿ ಸಲವೂ ಸಭೆಯೆಲ್ಲ ನೋಡುತ್ತಿರುವಾಗ ಎಡಗೈಯಿಂದ ಮತ್ತೆ ಸುತ್ತಿಕೊಳ್ಳಬೇಕಾಗಿತ್ತು. ಯಾರೂ ನೆರವಿಗೆ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮುಂದಿನ ಕೇಸಿನ ಹೆಸರು ಕೂಗಿ ಆಗಿರುತ್ತಿತ್ತು.

ಪೂರ್ವದ ನ್ಯಾಯಾಧೀಶರು ಹೊಸಬರು. ಮಾತಿಗೆ ಮುಂಚೆ ಕನ್ನಡಕ ಒರೆಸುವ ಅಭ್ಯಾಸ. ಗಂಜಿ ವಕೀಲ ದೊಡ್ಡ ನಕ್ಷೆಯೊಂದನ್ನು ಹಾಸಿ, ನಾಲ್ಕು ಮೂಲೆಗೂ ಪುಸ್ತಕ ಇಟ್ಟು, ಅರ್ಧ ಗಂಟೆ ವಾದಿಸಿದ.

"ಮಹಾಸ್ವಾಮಿ, ಯಂತ್ರದ ಒಂದು ಮೊಳೆಯೂ ಕರಿಗಲ್ಲಿನ ಈಚೆಗಿಲ್ಲ. ಕೊಡುವ ಬದಿ, ಉರುಳೆ, ಹೊರಬರುವ ಬದಿ, ಎಲ್ಲವೂ ಪಶ್ಚಿಮ. ತಮಗೆ ಈ ದಾವೆಯನ್ನು ಮುಟ್ಟುವ ಅಧಿಕಾರವೇ ಇಲ್ಲ. ಇದನ್ನು ಪಶ್ಚಿಮಕ್ಕೆ ವರ್ಗಾಯಿಸಬೇಕು."

ನ್ಯಾಯಾಧೀಶರು ಹಳೆಯ ಹಾಳೆಗಳನ್ನು ತಿರುವಿದರು. "ಮೂರು ವರ್ಷದ ಹಿಂದೆ ಕೊಡುವ ಬದಿ ಪೂರ್ವದಲ್ಲಿದೆ ಅಂತ ನೀವೇ ಬರೆದುಕೊಟ್ಟಿದ್ದೀರಿ."

"ನಮ್ಮ ಕಿರಿಯ ವಕೀಲರ ಅಚಾತುರ್ಯ, ಮಹಾಸ್ವಾಮಿ. ಅವರಿಗೆ ದಿಕ್ಕು ಸರಿಯಾಗಿ ತಿಳಿಯೋದಿಲ್ಲ."

ಹಿಂದೆ ನಿಂತಿದ್ದ ಕಿರಿಯ ವಕೀಲ ನೆಲ ನೋಡಿದ. ದಿಕ್ಕು ತಿಳಿಯದವನ ಹಾಗೆಯೇ ಕಾಣುತ್ತಿದ್ದ, ಪಾಪ.

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಅಂಚಕ್ಕನತ್ತ ತಿರುಗಿದರು. ದನಿಯಲ್ಲಿ ದಯೆ ಇತ್ತು. "ಮೊದಲು ಗಾಯ ನೋಡೋಣ. ಕೈ ತೋರಿಸಮ್ಮ."

ಅಂಚಕ್ಕನ ಎಡಗೈ ಅಭ್ಯಾಸಬಲದಿಂದ ಗಂಟಿನ ತನಕ ಹೋಯಿತು. ಅಲ್ಲಿ ನಿಂತಿತು. ಅತ್ತೆ ಹಾಕಿದ ಗಂಟು ಬಿಗಿಯಾಗಿತ್ತು. ಆಕೆ ಕೈ ಕೆಳಗಿಳಿಸಿದಳು.

"ಇಲ್ಲ ಸ್ವಾಮಿ."

"ಏನಿಲ್ಲ?"

"ತೋರಿಸಲ್ಲ."

ಕೊಡೆ ವಕೀಲರ ಕೊಡೆ ಜಾರಿ ನೆಲಕ್ಕೆ ಬಿತ್ತು. ಅವರು ಬಾಗಿ ಎತ್ತಿಕೊಳ್ಳುತ್ತ, "ತಾಯಿ, ಕೇಳ್ತಿರೋದು ನ್ಯಾಯಾಲಯ," ಎಂದು ಪಿಸುಗುಟ್ಟಿದರು.

"ಗೊತ್ತು ವಕೀಲರೇ. ಆದ್ರೆ ಕೇಳೋ ಅಧಿಕಾರ ಇವರಿಗೆ ಇದೆಯೋ ಇಲ್ಲವೋ ಅನ್ನೋದೇ ಅಲ್ವಾ ಇವತ್ತಿನ ತಕರಾರು? ಯಜಮಾನರ ಈ ವಕೀಲರು ಅರ್ಧ ಗಂಟೆಯಿಂದ ಅದನ್ನೇ ಹೇಳ್ತಿದಾರೆ, ನಿಮಗೆ ಈ ಕೇಸು ಮುಟ್ಟೋ ಹಕ್ಕಿಲ್ಲ ಅಂತ." ಆಕೆ ನ್ಯಾಯಾಧೀಶರ ಮುಖವನ್ನು ನೇರವಾಗಿ ನೋಡಿದಳು. "ಕೇಸು ಮುಟ್ಟೋ ಹಕ್ಕಿಲ್ಲದೋರಿಗೆ ನನ್ನ ಕೈ ನೋಡೋ ಹಕ್ಕು ಎಲ್ಲಿಂದ ಬಂತು ಸ್ವಾಮಿ?"

ಸಭೆಯಲ್ಲಿ ಯಾರೋ ಕೆಮ್ಮಿದರು. ಗಂಜಿ ವಕೀಲ ಕತ್ತು ತಿರುಗಿಸಲು ನೋಡಿದ. ಕೊರಳಪಟ್ಟಿ ಬಿಡಲಿಲ್ಲ. ಇಡೀ ಮೈಯನ್ನೇ ತಿರುಗಿಸಬೇಕಾಯಿತು.

"ಇದು ನ್ಯಾಯಾಲಯಕ್ಕೆ ಅವಮಾನ, ಮಹಾಸ್ವಾಮಿ."

"ಇರಿ," ಎಂದರು ನ್ಯಾಯಾಧೀಶರು. "ಹೇಳಮ್ಮ."

"ಮೂರು ಸಲ ಬಿಚ್ಚಿ ತೋರಿಸಿದೀನಿ. ಮೂರು ಸಲವೂ ಚೆನ್ನಾಗಿ ನೋಡಿದ್ರು. ಅಳೆದ್ರು, ತಿರುಗಿಸಿದ್ರು. ಆಮೇಲೆ ನಮ್ಮದಲ್ಲ ಅಂದ್ರು. ನಿಮ್ಮದಲ್ಲದ ಕೈಯನ್ನ ಯಾಕೆ ನೋಡ್ತೀರಿ? ಅಂಗಡೀಲಿ ಸೀರೆ ಬಿಚ್ಚಿಸಿ ನೋಡಿ ಎದ್ದು ಹೋಗೋರು ಇರ್ತಾರೆ, ಹಂಗಾಯ್ತು ಇದು. ಸೀರೆಗೆ ನೋವಾಗಲ್ಲ ಸ್ವಾಮಿ. ಮಡಚಿಡೋಳಿಗೆ ಆಗತ್ತೆ."

ನ್ಯಾಯಾಧೀಶರ ಲೇಖನಿ ನಿಂತಿತ್ತು.

"ನಮ್ಮ ಕಾರ್ಖಾನೇಲಿ ಗುರುತಿಲ್ಲದ ಬಟ್ಟೆ ಬಂದ್ರೆ, ಯಾರ ಮೇಜಿಗೆ ಬಂತೋ ಅವಳೇ ಅದರ ಮನೆ ಹುಡುಕ್ಬೇಕು. ಪಕ್ಕದವಳ ಕಡೆ ತಳ್ಳಿದ್ರೆ ಆವತ್ತು ಅವಳ ಜೊತೆ ಯಾರೂ ಊಟಕ್ಕೆ ಕೂರಲ್ಲ. ನೀವು ಓದ್ಕೊಂಡೋರು, ನಿಮ್ಮಲ್ಲಿ ಹೆಂಗೋ ಗೊತ್ತಿಲ್ಲ. ನೀವೆಲ್ಲ ಒಟ್ಟಿಗೇ ಊಟ ಮಾಡ್ತೀರೇನೋ." ಆಕೆ ಸುತ್ತಿದ ಕೈಯನ್ನು ಮುಂದೆ ಚಾಚಿದಳು. "ನನಗೆ ಬೇರೇನೂ ಬೇಡ ಸ್ವಾಮಿ. ಈ ಕೈ ನಿಮ್ಮದು ಅಂತ ಬರೀರಿ, ಆ ಕ್ಷಣ ಬಿಚ್ತೀನಿ. ಅಲ್ಲ ಅಂತ ಬರೀರಿ, ಹಿಂಗೇ ಸುತ್ಕೊಂಡು ಮನೆಗೆ ಹೋಗ್ತೀನಿ. ನೋಡಿಬಿಟ್ಟು ಅಲ್ಲ ಅನ್ನಬೇಡಿ."

ನಿಂದನೆಯ ಕ್ರಮ ಜರುಗಿಸಬೇಕೆಂದು ಗಂಜಿ ವಕೀಲ ಮತ್ತೆ ಬಾಯಿ ತೆರೆದ. ನ್ಯಾಯಾಧೀಶರು ಕೈಸನ್ನೆಯಿಂದ ತಡೆದು, ಬಹಳ ಹೊತ್ತು ಕನ್ನಡಕ ಒರೆಸಿದರು.

"ಕಾನೂನಿನ ಮಾತು ಈಕೆ ಹೇಳಿದ್ದೇ ಸರಿ. ವ್ಯಾಪ್ತಿ ಮೊದಲು. ಗಾಯ ಆಮೇಲೆ." ನಕ್ಷೆಯನ್ನು ಸುರುಳಿ ಸುತ್ತಿ ಗಂಜಿ ವಕೀಲನ ಕೈಗೆ ಮರಳಿಸಿದರು. "ಕಾರ್ಖಾನೆ ಇಲ್ಲಿಗೆ ಎರಡು ಬೀದಿ. ಮಧ್ಯಾಹ್ನ ನಾನೇ ಬರ್ತೀನಿ. ಯಂತ್ರ ಓಡ್ತಾ ಇರಲಿ. ಯಾವುದನ್ನೂ ಮುಟ್ಟಬೇಡಿ."

ಮಧ್ಯಾಹ್ನ ಕಾರ್ಖಾನೆಯ ಬಾಗಿಲು ದಾಟಿದಾಗ ಹಬೆ ಅಂಚಕ್ಕನ ಮುಖಕ್ಕೆ ಹೊಡೆಯಿತು. ಸಾಬೂನು, ಸುಟ್ಟ ಹತ್ತಿ, ಬೆವರು. ಮೂರು ವರ್ಷದ ಮೇಲೂ ಅದೇ ವಾಸನೆ. ನ್ಯಾಯಾಧೀಶರ ಕನ್ನಡಕ ಮಂಜಾಯಿತು. ಅವರು ಒರೆಸಿದರು, ಅದು ಮತ್ತೆ ಮಂಜಾಯಿತು. ಕೊನೆಗೆ ತೆಗೆದು ಜೇಬಿಗೆ ಹಾಕಿಕೊಂಡರು.

ಯಂತ್ರ ನಕ್ಷೆಯಲ್ಲಿದ್ದಂತೆಯೇ ಕರಿಗಲ್ಲಿನ ಆಚೆಗಿತ್ತು, ಹೊಸ ಸಿಮೆಂಟಿನ ಮೇಲೆ. ನಾದಿನಿ ಇನ್ನೊಬ್ಬಳ ಜೊತೆಗೂಡಿ ಅಂಚು ಕೊಡುತ್ತಿದ್ದಳು. ಅತ್ತಿಗೆಯ ಜಾಗದಲ್ಲಿ ಈಗ ಅವಳೇ ನಿಲ್ಲುವವಳು. ತಲೆ ಎತ್ತಲಿಲ್ಲ. ಮೇಲಕ್ಕೆ ಕಟ್ಟಿದ್ದ ಸಲಾಕೆಯನ್ನು ಅಂದು ಬಿಚ್ಚಿ ಇಳಿಸಿದ್ದರು. ಹೊಸ ಬಣ್ಣ ಬಳಿದಿದ್ದರು. ಕರಿಗಲ್ಲಿನ ಈಚೆ, ಯಂತ್ರ ಮೊದಲು ಇದ್ದ ಕಡೆ, ಒದ್ದೆ ಚಾದರ ತುಂಬಿದ ದೊಡ್ಡ ತಳ್ಳುಗಾಡಿ ನಿಂತಿತ್ತು. ಗಾಡಿಯ ಅಡಿಗೆ ಚಾಪೆ.

"ಈ ಗಾಡಿ?" ಎಂದರು ನ್ಯಾಯಾಧೀಶರು.

"ಮೊದಲಿಂದಲೂ ಇಲ್ಲೇ ಇರೋದು ಸ್ವಾಮಿ," ಎಂದ ಮೇಸ್ತ್ರಿ.

"ಯಂತ್ರ?"

"ಅದೂ ಮೊದಲಿಂದ ಅಲ್ಲೇ."

"ಸಿಮೆಂಟ್ ಹೊಸದಾಗಿ ಕಾಣತ್ತೆ."

"ದಿನಾ ತೊಳೀತೀವಿ ಸ್ವಾಮಿ. ಶುಚಿ ಇಲ್ಲಿ ಜಾಸ್ತಿ."

ನ್ಯಾಯಾಧೀಶರು ಹೆಂಗಸರತ್ತ ನೋಡಿದರು. "ನಿಮ್ಮಲ್ಲಿ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಮೇಸ್ತ್ರಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಉರುಳೆಗಳು ತಿರುಗುತ್ತಿದ್ದವು. ಆ ಸದ್ದಿಗೆ ಮಾತು ಕೇಳುವುದೂ ಕಷ್ಟ. ಅಂಚಕ್ಕ ನಾದಿನಿಯ ಬೆನ್ನನ್ನೇ ನೋಡುತ್ತಿದ್ದಳು. ಬಾಯಿ ಬಿಡಬೇಡ ಎಂದು ತಾನೇ ಹೇಳಿದ್ದಳು. ಆ ಹುಡುಗಿ ಹುಟ್ಟಿದಾರಭ್ಯ ಒಂದು ಮಾತನ್ನೂ ಕೇಳಿದವಳಲ್ಲ. ಇಂದಾದರೂ ಕೇಳಲಿ ಎಂದು ಮನಸ್ಸಿನ ಅರ್ಧ ಭಾಗ ಪ್ರಾರ್ಥಿಸುತ್ತಿತ್ತು. ಇನ್ನರ್ಧ ಏನು ಬೇಡುತ್ತಿತ್ತೆಂಬುದು ದೇವರಿಗೆ ಮಾತ್ರ ಗೊತ್ತು.

"ಕೈ ನಿಲ್ಲಿಸಬೇಡ, ಕೊಡ್ತಾ ಇರು," ಎಂದು ಮೇಸ್ತ್ರಿ ನಾದಿನಿಗೆ ಗದರಿದ.

ನಾದಿನಿ ಚಾದರದ ಮೂಲೆ ಹಿಡಿದಳು. ಅಂಚು ಸವರಿದಳು. ಬಾಗಿದಳು. ಬಳಿಕ ತೋರುಬೆರಳನ್ನು ನೀಡಿ, ಹೊಸ ಬಣ್ಣದ ಸಲಾಕೆಯನ್ನು ಮೆತ್ತಗೆ ಮುಟ್ಟಿದಳು.

ಯಂತ್ರ ನಿಂತಿತು.

ಅಷ್ಟು ದೊಡ್ಡ ಕೋಣೆಯಲ್ಲಿ ತೊಟ್ಟಿಯ ನೀರು ತೊಟ್ಟಿಕ್ಕುವುದು ಕೇಳಿಸಿತು.

"ಬೆರಳು ತಗುಲಿತು ಮೇಸ್ತ್ರಿ," ಎಂದಳು ನಾದಿನಿ. "ಮುಟ್ಟಿದ್ರೆ ನಿಲ್ಲತ್ತಂತೆ ಇದು. ಮೂರು ವರ್ಷ ಮೇಲಕ್ಕೆ ಕಟ್ಟಿಟ್ಟಿದ್ರಲ್ಲ, ನಮಗೆ ಗೊತ್ತೇ ಇರ್ಲಿಲ್ಲ ನೋಡಿ."

ಮೇಸ್ತ್ರಿಯ ಬಾಯಿ ತೆರೆದುಕೊಂಡಿತು. ನ್ಯಾಯಾಧೀಶರು ಅಲ್ಲಿದ್ದರು. ಮುಚ್ಚಿಕೊಂಡಿತು.

ನಾದಿನಿ ಯಂತ್ರ ಬಿಟ್ಟು ಕರಿಗಲ್ಲು ದಾಟಿ ಬಂದು ತಳ್ಳುಗಾಡಿಗೆ ಹೆಗಲು ಕೊಟ್ಟಳು. ಒದ್ದೆ ಬಟ್ಟೆಯ ಭಾರ, ಕದಲಲಿಲ್ಲ. ಅಂಚಕ್ಕ ಎಡಗೈಯನ್ನು ಗಾಡಿಗೆ ಆನಿಸಿ ಪಕ್ಕದಲ್ಲಿ ನಿಂತಳು.

"ಬೇಡ ಅಂದಿದ್ದೆ," ಎಂದಳು ಮೆಲ್ಲಗೆ.

"ಬಾಯಿ ಬಿಡಬೇಡ ಅಂದಿದ್ರಿ ಅತ್ತಿಗೆ. ತಳ್ಳಬೇಡ ಅಂದಿರ್ಲಿಲ್ಲ. ತಳ್ಳೋದು ನಂಗೆ ರೂಢಿಯಾಗಿದೆ."

ಮಡಚುವ ಮೇಜಿನಿಂದ ಒಬ್ಬಳು ಬಂದಳು. ಗಂಜಿಯ ಬಾನಿಯ ಹತ್ತಿರದಿಂದ ಇಬ್ಬರು. ಆಮೇಲೆ ಎಣಿಸಲಾಗಲಿಲ್ಲ. ಯಂತ್ರವನ್ನು ಆಚೆಗೆ ತಳ್ಳಿದ ಕೈಗಳೇ ಗಾಡಿಯನ್ನು ಪಕ್ಕಕ್ಕೆ ತಳ್ಳಿದವು. ಯಾರೋ ಚಾಪೆಯನ್ನು ಕಾಲಿನಿಂದ ಸರಿಸಿದರು.

ಕಲ್ಲುಹಾಸಿನಲ್ಲಿ ನಾಲ್ಕು ಗುಳಿಗಳಿದ್ದವು. ಎರಡೆರಡರಂತೆ ಎರಡು ಜೊತೆ. ಪ್ರತಿ ಜೊತೆಯಲ್ಲಿಯೂ ಎಡದ್ದು ಆಳ, ಬಲದ್ದು ತೆಳು. ಉಳಿಯಿಂದ ಕೊರೆದದ್ದಲ್ಲ. ಬರಿಯ ಅಂಗಾಲು, ಒದ್ದೆ ನೆಲ, ಮೈಭಾರ. ಗಂಟೆಗೆ ಇನ್ನೂರು ಸಲ. ಅಂಚಕ್ಕನಿಗಿಂತ ಮುಂಚಿನವಳು, ಅವಳಿಗಿಂತ ಮುಂಚಿನವಳು, ಯಾರ ಹೆಸರೂ ಯಾವ ಕಾಗದದಲ್ಲಿಯೂ ಇಲ್ಲದವರು ನಿಂತು ನಿಂತು ಬಿಟ್ಟುಹೋದ ಬರಹ. ಯಂತ್ರವನ್ನು ತಳ್ಳಬಹುದಾಗಿತ್ತು. ಇದನ್ನು ತಳ್ಳುವುದು ಸಾಧ್ಯವಿರಲಿಲ್ಲ.

"ಇದು... ನೆಲ ಹಳೆಯದು, ಮಹಾಸ್ವಾಮಿ," ಎಂದ ಗಂಜಿ ವಕೀಲ.

ಅಂಚಕ್ಕ ಚಪ್ಪಲಿ ಕಳಚಿ ಬದಿಗಿಟ್ಟಳು. ಎಡಗಾಲನ್ನು ಆಳದ ಗುಳಿಯಲ್ಲಿಯೂ ಬಲಗಾಲನ್ನು ತೆಳುವಿನದರಲ್ಲಿಯೂ ಇಟ್ಟಳು. ಹಳೆಯ ಪಾದರಕ್ಷೆಯೊಳಗೆ ಇಳಿದಂತೆ ಪಾದಗಳು ಇಳಿದವು. ಆಕೆ ಯೋಚಿಸಿ ಮಾಡಿದ್ದಲ್ಲ. ಮೈ ತಾನಾಗಿಯೇ ಎಡಕ್ಕೆ ಬಾಗಿತು. ತೋಳುಗಳೆರಡೂ ಚಾಚಿಕೊಂಡವು. ಎಡಗೈ ಗಾಳಿಯಲ್ಲಿ ಇಲ್ಲದ ಚಾದರದ ಮೂಲೆ ಹಿಡಿಯಿತು. ದಿಂಬಿನ ಚೀಲ ಸುತ್ತಿದ ಬಲಗೈ ಇಲ್ಲದ ಉರುಳೆಯ ಬಾಯಿಯ ಮುಂದೆ ಬಂದು ನಿಂತಿತು.

ನ್ಯಾಯಾಧೀಶರು ಬಾಗಿದರು. ಆ ಚೀಲದ ತುದಿಯಿಂದ ಕರಿಗಲ್ಲಿನ ಸಾಲಿನವರೆಗೆ ತಮ್ಮ ಕೈಯಿಂದಲೇ ಗೇಣು ಹಾಕಿ ಅಳೆದರು. ಮೂರು ಗೇಣು. ಈಚೆಗೆ. ನಿಲುವಂಗಿಯ ಅಂಚು ನೆಲದ ಸಾಬೂನುನೀರಿನಲ್ಲಿ ನೆನೆಯಿತು. ಅವರು ಗಮನಿಸಲಿಲ್ಲ.

"ಬರ್ಕೊಳ್ಳಿ," ಎಂದು ಗುಮಾಸ್ತನಿಗೆ ಹೇಳಿದರು. "ಘಟನೆಯ ಸ್ಥಳ ಪೂರ್ವ. ವರ್ಗಾವಣೆಯ ಅರ್ಜಿ ವಜಾ. ಯಂತ್ರ ಯಾವಾಗ ಜಾಗ ಬದಲಿಸಿತು, ಯಾರು ಬದಲಿಸಿದರು ಎಂದು ಪ್ರತಿವಾದಿಗಳು ಪ್ರಮಾಣ ಮಾಡಿ ತಿಳಿಸಬೇಕು. ಈಗ ಹೇಳಿದ ಸಲಾಕೆಯ ಮಾತನ್ನೂ ಬರ್ಕೊಳ್ಳಿ. ಅದನ್ನು ಹೇಳಿದಾಕೆಯನ್ನು ಕೆಲಸದಿಂದ ತೆಗೆದರೆ ನನಗೆ ಕಾರಣ ಕೊಡಬೇಕು. ದಾವೆಯನ್ನು ಈ ನ್ಯಾಯಾಲಯವೇ ನಡೆಸುತ್ತದೆ."

ಮೂರು ವರ್ಷಕ್ಕೆ ಬಾಗಿಲು ಯಾವುದೆಂದು ತಿಳಿದಂತಾಯಿತು. ಒಳಗೆ ಹೋಗುವುದು ಇನ್ನು ಮುಂದೆ. ಕೊಡೆ ವಕೀಲರು ಕಣ್ಣೊರೆಸಿಕೊಂಡು, "ಹಬೆ," ಎಂದು ಯಾರೂ ಕೇಳದೆಯೇ ಕಾರಣ ಹೇಳಿದರು.

ಅಂಚಕ್ಕ ಗುಳಿಗಳಿಂದ ಕಾಲು ತೆಗೆಯಲಿಲ್ಲ. ಗಂಟನ್ನು ಬಾಯಿಗೆ ತಂದಳು. ಅತ್ತೆಯ ಗಂಟು ಹಲ್ಲಿಗೆ ಬಗ್ಗಲಿಲ್ಲ. ನಾದಿನಿ ಬಂದು ಬಿಚ್ಚಿದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಬೇರೊಬ್ಬರು ನಿಂತು ಬಿಚ್ಚಿದ್ದು. ಚೀಲ ಕಳಚಿತು. ನಾದಿನಿ ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

ಕೈ ಬಯಲಾಯಿತು.

ನ್ಯಾಯಾಧೀಶರು ಒಂದು ಕ್ಷಣ ನೋಡಿ ಮುಖವನ್ನು ಕಾಗದದತ್ತ ಹೊರಳಿಸಿದರು.

"ಆಗಲ್ಲ ಸ್ವಾಮಿ," ಎಂದಳು ಅಂಚಕ್ಕ. ದನಿ ಏರಲಿಲ್ಲ. "ಈಗ ನಿಮ್ಮದಾಯ್ತಲ್ಲ. ಈಗ ನೋಡ್ಲೇಬೇಕು."

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನೋಡಿದರು. ಆಕೆ ಕೈಯನ್ನು ತಾನಾಗಿಯೇ ತಿರುಗಿಸಿ ಆ ಮಗ್ಗುಲನ್ನೂ ತೋರಿಸಿದಳು. ಅಡಿಪಟ್ಟಿ ಯಾರೂ ತರಲಿಲ್ಲ. ಮುಂದಿನ ಹೆಸರನ್ನು ಯಾರೂ ಕೂಗಲಿಲ್ಲ. ಯಂತ್ರ ನಿಂತೇ ಇತ್ತು.

ಕೊನೆಗೆ ಆಕೆ ತಲೆ ಎತ್ತಿದಳು. ಗಂಜಿ ವಕೀಲ ಅಷ್ಟರಲ್ಲಿ ಕರಿಗಲ್ಲಿನ ಆಚೆಗೆ ಸರಿದು, ಯಂತ್ರದ ಮರೆಯಲ್ಲಿ ನಿಂತು ಸುತ್ತಿದ್ದ ನಕ್ಷೆಯನ್ನೇ ಮತ್ತೆ ಸುತ್ತುತ್ತಿದ್ದ. ಹಬೆಗೆ ಅವನ ಕೊರಳಪಟ್ಟಿಯ ಗಂಜಿಯೆಲ್ಲ ಕರಗಿ, ಪಟ್ಟಿ ಮೆತ್ತಗೆ ಎದೆಯ ಮೇಲೆ ಬಾಗಿತ್ತು.

"ವಕೀಲರೇ, ಅಲ್ಲಿಂದ ಸರಿಯಾಗಿ ಕಾಣಲ್ಲ," ಎಂದಳು. "ಈಚೆ ಬನ್ನಿ."

ಅವನು ನ್ಯಾಯಾಧೀಶರ ಮುಖ ನೋಡಿದ. ನ್ಯಾಯಾಧೀಶರು ಅಂಚಕ್ಕನ ಕೈಯನ್ನೇ ನೋಡುತ್ತಿದ್ದರು. ಹೆಂಗಸರು ಎರಡು ಬದಿಗೆ ಸರಿದು ದಾರಿ ಬಿಟ್ಟರು. ಗಂಜಿ ವಕೀಲ ಕರಿಗಲ್ಲಿನ ಸಾಲಿನ ತನಕ ಬಂದು, ನಿಂತು, ಅದನ್ನು ನೋಡಿ, ಕಾಲನ್ನು ಎತ್ತಿದ.